ಈ ವಾರದ ಸಮಸ್ಯೆ: ಸಾವಿರದ ಮೇಲೊಂದು ಮೂರೇ ಮೂರು ತಾನಾಯ್ತು

ಶಿರಸಿಯಿಂದ:
ಎಲ್ಲರಿಗೂ ನಮಸ್ಕಾರ. ಈ ಸಲ ಭಾಮಿನಿ ಷಟ್ಪದಿ. ಮೇಲಿನದೇ ಕೊನೆಯ ಸಾಲು, ಉಳಿದ ಐದು ಸಾಲು ನೀವು ಬರೆದು ಪೂರಣ ಮಾಡಬೇಕು. ಮಗಳಿಗೆ ಅವಿಭಾಜ್ಯ ಅಪವರ್ತನ (ಒಂದು ಸಂಖ್ಯೆಯನ್ನು ಮತ್ತೆ ಒಡೆಯದ ಸಂಖ್ಯೆಗಳ ಗುಣಾಕಾರವಾಗಿ ಬಿಡಿಸೋದು) ಹೇಳಿಕೊಡುವಾಗ ಹೊಳೆದದ್ದು. ಸುಳಿವು ಇಷ್ಟು ಸಾಕು ಅಲ್ವಾ?

ಸಿದ್ದಾಪುರದಿಂದ:
ಮಾವ ನೀಡಿದ ಚೀಲದಡಿಕೆಯ
ನಾವು ಏಳರ ಭಾಗ ಮಾಡಲು
ಯಾವ ರಾಶಿಗು ನೂರ ನಲವತ್ಮೂರು ಸಮನಾಗಿ
ಭಾವ ಹನ್ನೊಂದರಲಿ ಭಾಗಿಸೆ
ದೇವ! ಹದಿಮೂರುಳಿಯಿತೊಡೆಯದೆ
ಸಾವಿರದ ಮೇಲೊಂದು ಮೂರೇ ಮೂರು ತಾನಾಯ್ತು

1001ಕ್ಕೆ 2, 3, 5 ಯಾವುದರಿಂದಲೂ ಭಾಗ ಹೋಗಲಿಲ್ಲ. 7ಕ್ಕೆ ಹೋಯಿತು, 143 ಬಂತು. ಇದು ಒಡೆಯೋದಿಲ್ಲ ಅಂದುಕೊಂಡಿದ್ದೆ. 12ರ ವರ್ಗ 144, ಹಾಗಾಗಿ 11ರವರೆಗೆ ನೋಡಿದರೆ ಸಾಕು. ಆ ಕೊನೆಯ 11ಕ್ಕೇ ಒಡೆಯಿತು!

ಶಿರಸಿಯಿಂದ:
ಬಹಳ ಚೆನ್ನಾಗಿದೆ. 'ನಾವು ಏಳರ' ಅನ್ನೋದು ವಿಸಂಧಿ, ಅಲ್ಲಿ ಸಂಧಿಯಾಗದೆ ಎರಡು ಸ್ವರ ಹಾಗೇ ನಿಂತಿವೆ. 'ನಾವು ಮಾಡಿದೆವೇಳು ರಾಶಿಯ' ಅಂದರೆ ಹೇಗೆ? ನಿಮ್ಮ ಪದ್ಯ ಓದಿ ಮಗಳು 13 ಅಡಿಕೆ ತಂದು ನೆಲದ ಮೇಲೆ ಜೋಡಿಸಿದಳು. ಎರಡು ಸಾಲು ಮಾಡಿದರೆ ಒಂದು ಉಳಿಯಿತು. ಮೂರು ಸಾಲಿಗೂ ಒಂದು, ನಾಲ್ಕಕ್ಕೂ ಒಂದು. ಕೊನೆಗೆ ಉದ್ದಕ್ಕೆ ಒಂದೇ ಸಾಲಿಟ್ಟಳು.

ಸಿದ್ದಾಪುರದಿಂದ:
ಒಪ್ಪಿದೆ, ತಿದ್ದಿಕೊಂಡೆ.

ಕಾರವಾರದಿಂದ:
ನಮ್ಮದು ಕಡಲ ಲೆಕ್ಕ. ನಾನು 13ರಿಂದ ಶುರು ಮಾಡಿದೆ.

ನಾವೆ ತಂದಿತು ಬಲೆಯ ಬಂಗುಡೆ
ಯಾವ ಮನೆಗೂ ಕಮ್ಮಿಯಾಗದೆ
ಸಾವಧಾನದಿ ಬುಟ್ಟಿ ಹದಿಮೂರರಲಿ ಹಂಚಿದರು
ನಾವು ಬುಟ್ಟಿಯನೆಣಿಸಿ ನೋಡಲು
ಯಾವುದಕು ಹನ್ನೊಂದು ಏಳಲೆ
ಸಾವಿರದ ಮೇಲೊಂದು ಮೂರೇ ಮೂರು ತಾನಾಯ್ತು

ಐದನೇ ಸಾಲಲ್ಲೂ ವಿಸಂಧಿ ಇದೆ, ಗೊತ್ತು. ಆದರೆ ಮಗ್ಗಿಯನ್ನು ಬಿಡಿಸಿ ಹೇಳಿದರೇ ಕಿವಿಗೆ ಹಿತ. ಅದನ್ನು ಹಾಗೇ ಇಡುತ್ತೇನೆ.

ಕುಮಟಾದಿಂದ:
ಸುಮ್ನೆ ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಎಣಿಸಿದೆ. ಭಾಮಿನಿಗೆ ಒಟ್ಟು 102, ಅಂದರೆ 2×3×17. ಸಣ್ಣ ಸಾಲಿನ 14 ಕೂಡ 2×7 ಆಗಿ ಒಡೆಯುತ್ತದೆ. ಉದ್ದ ಸಾಲಿನ 23 ಮಾತ್ರ ಒಡೆಯೋದಿಲ್ಲ. ಎಷ್ಟು ವರ್ಷದಿಂದ ಹಾಡಿಕೊಂಡು ಬಂದಿದ್ದೇನೆ, ಇವತ್ತು ಕಣ್ಣಿಗೆ ಬಿತ್ತು.

ಶಿರಸಿಯಿಂದ:
ಕಾರವಾರದ ಅಣ್ಣ, ಮಗ್ಗಿಗಾಗಿ ಒಪ್ಪಿದೆ. ಒಬ್ಬರು 7ರಿಂದ ಒಡೆದಿರಿ, ಇನ್ನೊಬ್ಬರು 13ರಿಂದ. ಸಿಕ್ಕಿದ್ದು ಅದೇ 7, 11, 13. ಯಾವ ದಾರಿ ಹಿಡಿದರೂ 1001 ಬೇರೆ ಮೂರನ್ನು ಕೊಡೋದಿಲ್ಲ. ನನಗೆ ಇದರಲ್ಲೇ ಜಾಸ್ತಿ ಖುಷಿ. 11ರಿಂದ ಹೊರಟ ಪೂರಣ ಇನ್ನೂ ಬಂದಿಲ್ಲ. ಅಲ್ಲಿ 91 ಸಿಗುತ್ತದೆ, ಒಡೆಯದ ಸಂಖ್ಯೆ ಅಂತ ಅದನ್ನು ಬಿಟ್ಟುಬಿಡಬೇಡಿ. ಅಂಕೋಲೆಯವರು ಯಾರಾದರೂ ಬರೆಯಿರಿ, ನಾಳೆ ರಾತ್ರಿವರೆಗೆ ಕಾಯುತ್ತೇನೆ.