ಸಹಾಯ ಬೇಕು: ಅಪ್ಪನ ಜೊತೆ ಅರಕು ದಾಟಿ ಜಗದಲ್‌ಪುರಕ್ಕೆ ರೈಲಿನಲ್ಲಿ

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ಅಪ್ಪನಿಗೆ ಈಗ 67. ಕಬ್ಬಿನ ಗದ್ದೆ ಬಿಟ್ಟು ದೂರ ಹೋದವರೇ ಅಲ್ಲ. ಆದರೆ ರೈಲು ಅಂದ್ರೆ ಪ್ರಾಣ. ಚಿಕ್ಕಂದಿನಲ್ಲಿ ಸುಮ್ನೆ ರೈಲು ನೋಡೋಕೆ ಅಂತಲೇ ನನ್ನನ್ನು ಸ್ಟೇಷನ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಅವರ ಮಂಡಿ ಗಟ್ಟಿ ಇರುವಾಗಲೇ ಒಂದು ದೊಡ್ಡ ಪ್ರಯಾಣ ಮಾಡಿಸಬೇಕು.

ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್‌ನಲ್ಲಿ ವಿಶಾಖಪಟ್ಟಣ. ಅಲ್ಲಿಂದ ಬೆಳಿಗ್ಗೆ ಕಿರಂದುಲ್ ಪ್ಯಾಸೆಂಜರ್. ಬೈಲಾಡಿಲದ ಕಬ್ಬಿಣದ ಅದಿರು ಬಂದರಿಗೆ ಸಾಗಿಸಲು 1960ರ ದಶಕದಲ್ಲಿ ಹಾಕಿದ ದಾರಿ ಅದು. ಪೂರ್ವ ಘಟ್ಟ ಹತ್ತುತ್ತಾ 50ಕ್ಕೂ ಜಾಸ್ತಿ ಸುರಂಗ! ಹೆಚ್ಚಿನವರು ಆಂಧ್ರದ ಗಿರಿಧಾಮ ಅರಕುವಿನಲ್ಲೇ ಇಳಿದು ವಾಪಸ್ ಬರುತ್ತಾರೆ. ನಮಗೆ ಒಡಿಶಾದ ಕೋರಾಪುಟ್ ದಾಟಿ, ಛತ್ತೀಸ್‌ಗಢದ ಜಗದಲ್‌ಪುರದವರೆಗೂ ಹೋಗುವ ಆಸೆ. ಅಲ್ಲಿ ಇಂದ್ರಾವತಿ ನದಿಯ ಚಿತ್ರಕೋಟ್ ಜಲಪಾತ ಇದೆ. ಶಿವನಸಮುದ್ರ ನೋಡಿ ಬೆಳೆದ ಅಪ್ಪನಿಗೆ ಅದನ್ನು ತೋರಿಸಲೇಬೇಕು ಅಲ್ವಾ?

ಹೋಗಿ ಬಂದವರು ದಯವಿಟ್ಟು ಹೇಳಿ. ಘಟ್ಟ ಚೆನ್ನಾಗಿ ಕಾಣೋದು ಯಾವ ಕಡೆಯ ಕಿಟಕಿಯಿಂದ? ರಾತ್ರಿ ತಂಗಲು ಅರಕು ವಾಸಿಯೋ, ಕೋರಾಪುಟ್ಟೋ? ಅಕ್ಟೋಬರ್ ಕೊನೆಗೆ ಹೋದರೆ ಜಲಪಾತದಲ್ಲಿ ನೀರು ತುಂಬಿರುತ್ತಾ? ಜಗದಲ್‌ಪುರದಲ್ಲಿ ಅನ್ನ, ಸಾರು ಸಿಗುವ ಹೋಟೆಲ್ ಗೊತ್ತಿದ್ದರೆ ಅದನ್ನೂ ತಿಳಿಸಿ. ಟಿಕೆಟ್ ಈ ವಾರವೇ ಮಾಡಿಸಬೇಕು.