ಅಪ್‌ಡೇಟ್: ಬ್ಯಾರೆಲ್ ಬದಲಾವಣೆಯನ್ನು ಗನ್‌ಸ್ಮಿತ್‌ಗೇ ಒಪ್ಪಿಸಿದೆ

ಟೆಕ್ಸಸ್‌ನಲ್ಲಿ ಬೇಟೆಗೆ ಬಳಸುವ ನನ್ನ ಹಳೆಯ ರೆಮಿಂಗ್ಟನ್ 700 ರೈಫಲ್‌ನ (.308 ವಿಂಚೆಸ್ಟರ್) ಸವೆದ ಬ್ಯಾರೆಲನ್ನು ಮನೆಯಲ್ಲೇ ಬದಲಾಯಿಸಬಹುದೇ, ಗನ್‌ಸ್ಮಿತ್ (ಬಂದೂಕು ದುರಸ್ತಿಗಾರ) ಬಳಿಗೇ ಒಯ್ಯಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಕೊನೆಗೆ ಗನ್‌ಸ್ಮಿತ್‌ಗೇ ಕೊಟ್ಟೆ. ಅವರು ಬೋರ್‌ಸ್ಕೋಪ್‌ನಲ್ಲಿ (ಬ್ಯಾರೆಲ್ ಒಳಗೆ ನೋಡುವ ಸಣ್ಣ ಸಾಧನ) ತೋರಿಸಿದಾಗ ಚೇಂಬರ್‌ನ (ಗುಂಡು ಕೂರುವ ಗೂಡು) ಮುಂದಿನ ಉಕ್ಕು ಬೇಸಿಗೆಯ ಕೆರೆಯಂಗಳದಂತೆ ಬಿರುಕುಬಿಟ್ಟಿತ್ತು. ಸ್ಯಾವೇಜ್ ಕಂಪನಿಯ ರೈಫಲ್‌ಗಳಲ್ಲಿ ಬ್ಯಾರೆಲ್ ನಟ್ ಇರುವುದರಿಂದ, ಗೇಜ್ (ಅಳತೆಯ ತುಂಡು) ಇಟ್ಟು ಹೆಡ್‌ಸ್ಪೇಸ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್‌ಗೂ ಒಳಗೆ ಗುಂಡು ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ಹೊಂದಿಸಿ ಆ ನಟ್ಟನ್ನು ಬಿಗಿ ಮಾಡಿದರೆ ಕೆಲಸ ಮುಗಿಯುತ್ತದೆ. ಆದರೆ ರೆಮಿಂಗ್ಟನ್‌ನ ಮೂಲ ವಿನ್ಯಾಸದಲ್ಲಿ ಬ್ಯಾರೆಲ್‌ನ ಭುಜವೇ ರಿಸೀವರ್‌ಗೆ (ಬೋಲ್ಟ್ ಇರುವ ಮುಖ್ಯ ಚೌಕಟ್ಟು) ಒತ್ತಿ ಕೂರುವುದರಿಂದ, ಆ ಅಳತೆಯನ್ನು ಲೇತ್ ಮತ್ತು ರೀಮರ್‌ನಿಂದಲೇ (ಚೇಂಬರ್ ಕೊರೆಯುವ ಉಪಕರಣ) ತರಬೇಕಾಗುತ್ತದೆ. .308ರ ‘ಗೋ’ ಗೇಜ್ 1.630 ಇಂಚು, ‘ನೋ-ಗೋ’ ಗೇಜ್ 1.634 ಇಂಚು. ಮೊದಲನೆಯದರ ಮೇಲೆ ಬೋಲ್ಟ್ ಮುಚ್ಚಬೇಕು, ಎರಡನೆಯದರ ಮೇಲೆ ಮುಚ್ಚಬಾರದು. ಇಷ್ಟು ಸಣ್ಣ ಅಂತರ ತಪ್ಪಿದರೆ ಗುಂಡಿನ ಕೇಸ್ ಸೀಳಿ, ಬಿಸಿ ಅನಿಲ ಹಾರಿಸುವವರ ಮುಖದತ್ತಲೇ ನುಗ್ಗಬಹುದು. ಉಳಿಯುವ ಕೂಲಿಗಾಗಿ ಆ ಅಪಾಯ ಬೇಡವೆನಿಸಿತು.

ಇಲ್ಲಿನ ಫೆಡರಲ್ ಕಾನೂನಿನಲ್ಲಿ ಬಂದೂಕೆಂದು ಎಣಿಕೆಯಾಗುವುದು ರಿಸೀವರೇ ಹೊರತು ಬ್ಯಾರೆಲ್ ಅಲ್ಲ. ಹಾಗಾಗಿ ಬ್ಯಾರೆಲ್ ಸುಲಭವಾಗಿ ಸಿಗುತ್ತದೆ. ಊರಿನಿಂದ ಓದುವವರು ಇದನ್ನು ಅನುಸರಿಸಬೇಡಿ: ಭಾರತದ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ದುರಸ್ತಿಗೇ ಪರವಾನಗಿ ಬೇಕು.

ಗನ್‌ಸ್ಮಿತ್‌ರಲ್ಲಿ ಸರದಿ ಉದ್ದವಿತ್ತು, ಕೂಲಿಯೂ ಕಡಿಮೆಯೇನಲ್ಲ. ಹೊಸ ಬ್ಯಾರೆಲ್ ದಪ್ಪವಾಗಿದ್ದರಿಂದ ಮರದ ಸ್ಟಾಕ್‌ನಲ್ಲಿ (ಹಿಡಿಕೆಯ ಭಾಗ) ಬ್ಯಾರೆಲ್ ಕೂರುವ ಕಾಲುವೆಯನ್ನು ಸ್ವಲ್ಪ ಕೆತ್ತಬೇಕಾಯಿತು. ಮರಳು ಕಾಗದ ಹಿಡಿದು ಅದೊಂದನ್ನು ಮಾತ್ರ ಮನೆಯಲ್ಲಿ ನಾನೇ ಮಾಡಿಕೊಂಡೆ.