ಸಹಾಯ ಬೇಕು: ಪುಟ್ಟ ಹರಳು ಇದೆ, ಹಳೇ ಸೀಸ ಇಲ್ಲ

ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ 20 ಗ್ರಾಂ ತೂಕದ ಕ್ಯಾಡ್ಮಿಯಂ ಟಂಗ್‌ಸ್ಟೇಟ್ ಹರಳು (ವಿಕಿರಣ ತಗುಲಿದರೆ ಮಿನುಗುವಂಥದ್ದು) ಸಿಕ್ಕಿದೆ. ಅದರೊಳಗಿನ ಕ್ಯಾಡ್ಮಿಯಂ-113ರ ಬೀಟಾ ಕ್ಷಯ (ಪರಮಾಣು ಎಲೆಕ್ಟ್ರಾನ್ ಉಗುಳಿ ಬೇರೆ ಧಾತುವಾಗುವುದು) ಹಿಡಿಯುವ ಆಸೆ. ಅದರ ಅರ್ಧಾಯು (ಅರ್ಧದಷ್ಟು ಪರಮಾಣು ಕ್ಷಯಿಸಲು ಹಿಡಿಯುವ ಕಾಲ) ಸುಮಾರು 8ರ ಮುಂದೆ 15 ಸೊನ್ನೆ ವರ್ಷ. ವಿಶ್ವದ ವಯಸ್ಸೇ 1380 ಕೋಟಿ ವರ್ಷ ಅಲ್ವಾ! ಆದರೂ ಲೆಕ್ಕ ಹಾಕಿದರೆ ಈ ಪುಟ್ಟ ಹರಳಲ್ಲೇ ದಿನಕ್ಕೆ ಹತ್ತಿರಹತ್ತಿರ 1000 ಕ್ಷಯ ಆಗಬೇಕು.

ತೊಂದರೆ ಇರುವುದು ಹೊರಗಿನ ಗದ್ದಲದ್ದು. ಈ ಬೀಟಾದ ಶಕ್ತಿ ಹೆಚ್ಚೆಂದರೆ 320 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್) ಆಸುಪಾಸು. ಗೋಡೆಯಿಂದ ಬರುವ ಗಾಮಾ ಕಿರಣ, ಮೇಲಿಂದ ಬರುವ ಮ್ಯೂಆನ್ (ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಕಣ) ಎಲ್ಲ ಅಲ್ಲೇ ಬಂದು ಕೂರುತ್ತವೆ. ಇಟಲಿಯಲ್ಲಿ ನೆಲದಡಿ ಇರುವ ಗ್ರಾನ್ ಸಾಸ್ಸೋ ಲ್ಯಾಬಿನವರ ತಲೆ ಮೇಲೆ ಮ್ಯೂಆನ್ ತಡೆಯಲು 1400 ಮೀಟರ್ ಬಂಡೆ ಇದೆ. ನಮಗಿರುವುದು ಆರ್‌ಸಿಸಿ ಚಾವಣಿ. (ಕೋಲಾರದ ಗಣಿ ಈಗಲೂ ನಡೆಯುತ್ತಿದ್ದರೆ ಅಲ್ಲೇ ಹೋಗಿ ಕೂರುತ್ತಿದ್ದೆ!)

ಗಾಮಾ ತಡೆಯಲು ಹೊಸ ಸೀಸ ಸುತ್ತಿದರೆ ಅದರಲ್ಲಿರುವ ವಿಕಿರಣ ಸೂಸುವ ಸೀಸ-210 ಬೇರೆ ಕಾಟ ಕೊಡುತ್ತದೆ. ಅದರ ಅರ್ಧಾಯು 22 ವರ್ಷ, ಹಾಗಾಗಿ ಸೀಸ ಹಳೆಯದಾದಷ್ಟೂ ಒಳ್ಳೆಯದು. ಯಾರ ಲ್ಯಾಬಿನ ಮೂಲೆಯಲ್ಲಾದರೂ ಹಳೇ ಸೀಸದ ಇಟ್ಟಿಗೆ ಸುಮ್ನೆ ಬಿದ್ದಿವೆಯಾ? ಎರಡು ತಿಂಗಳ ಮಟ್ಟಿಗೆ ಸಾಕು, ಸಾಗಿಸುವ ಖರ್ಚು ನನ್ನದು.

ಇನ್ನೊಂದು ವಿಷಯ. ಈ ಹರಳಿನ ಬೆಳಕು ನಿಧಾನ, ಆರಲು ಸುಮಾರು 14 ಮೈಕ್ರೋಸೆಕೆಂಡ್ ಬೇಕು. ನಮ್ಮ ಆಂಪ್ಲಿಫೈಯರ್ ಬೇಗ ಆರುವ ಸೋಡಿಯಂ ಅಯೋಡೈಡ್‌ಗೆ ಹೊಂದಿಸಿದ್ದು, ಪಲ್ಸ್ ಪೂರ್ತಿ ಹಿಡಿಯುವುದೇ ಇಲ್ಲ. ಗೇಟ್ (ಪಲ್ಸ್ ಅಳೆಯುವ ಅವಧಿ) ಎಷ್ಟು ಉದ್ದ ಇಡಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.